ಮರದ ಜೀನ್ ಎಡಿಟಿಂಗ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಬಾದಾಮಿ ಮಾವಿನ ಓಟೆ ಊರಿದರೆ ಮರ ಬರುತ್ತದೆ, ಬಾದಾಮಿ ಹಣ್ಣು ಬರುವುದಿಲ್ಲ. ಕಸಿ ಕಟ್ಟುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಕಾರಣ ಮರದೊಳಗೇ ಇದೆ. ಒಂದೊಂದು ಜೀನಿಗೂ ಎರಡು ಪ್ರತಿಗಳಿವೆ, ತಾಯಿ ಕಡೆಯದು ಒಂದು, ತಂದೆ ಕಡೆಯದು ಇನ್ನೊಂದು. ನೋಡಲು ಅಕ್ಕತಂಗಿಯರಂತಿದ್ದರೂ ಡಿಎನ್‌ಎಯ ಎ, ಸಿ, ಜಿ, ಟಿ ಎಂಬ ಅಕ್ಷರಗಳಲ್ಲಿ, ಅಕ್ಷರಕ್ಕೆ ಅಕ್ಷರ ಅವು ಒಂದೇ ಅಲ್ಲ. ಭತ್ತ ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತಾ ಬಂದ ಬೆಳೆ, ಅದರ ತಳಿಗಳಲ್ಲಿ ಎರಡೂ ಪ್ರತಿ ಒಂದೇ ತೆರನಾಗಿರುತ್ತವೆ. ಪಾಪ್ಲರ್, ನೀಲಗಿರಿ, ಮಾವು, ಶ್ರೀಗಂಧ ಇವೆಲ್ಲ ಬೇರೆ ಮರದ ಪರಾಗದಿಂದ ಬೀಜ ಕಟ್ಟುವ ಪರಪರಾಗದ ಮರಗಳು, ಇವುಗಳಲ್ಲಿ ಎರಡು ಪ್ರತಿ ಬೇರೆಬೇರೆ.

ಭತ್ತದಲ್ಲೋ ಟೊಮ್ಯಾಟೊದಲ್ಲೋ ಕ್ರಿಸ್ಪರ್ (ಬೇಕಾದ ಕಡೆ ಜೀನನ್ನು ಕತ್ತರಿಸಿ ತಿದ್ದುವ ವಿಧಾನ) ಕಲಿತು ಮರಕ್ಕೆ ಕೈಹಾಕಿದವರು ಮೊದಲ ವರ್ಷ ಎಡವುವುದು ಇಲ್ಲೇ. ಕತ್ತರಿಗೆ ಜಾಗ ತೋರಿಸುವ ಗೈಡ್ ಕೆಟ್ಟಿದೆ, ಕತ್ತರಿಯೇ ಆದ ಕ್ಯಾಸ್9 ಪ್ರೋಟೀನ್ ನಡೆಯುತ್ತಿಲ್ಲ, ಇವನ್ನು ಗಿಡದೊಳಗೆ ಒಯ್ಯುವ ಬ್ಯಾಕ್ಟೀರಿಯಾ ಅಗ್ರೋಬ್ಯಾಕ್ಟೀರಿಯಂ ಸರಿಯಿಲ್ಲ ಎಂದು ಒಂದೊಂದನ್ನೇ ಬದಲಿಸುತ್ತಾ ಆರು ತಿಂಗಳು ಕಳೆಯುತ್ತಾರೆ. ನಾನು ಕಂಡಂತೆ ಬಹಳಷ್ಟು ಸಲ ತಪ್ಪು ಉಪಕರಣದ್ದಲ್ಲ. ಕಂಪ್ಯೂಟರಿನಲ್ಲಿ ಓದಿದ ಮರ ಒಂದು, ಬಾಟಲಿಯಲ್ಲಿ ಬೆಳೆಸಿದ ಮರ ಇನ್ನೊಂದು ಆಗಿರುತ್ತದೆ. ಅದಕ್ಕೇ ಈ ಕೈಪಿಡಿಯನ್ನು ಕಣ್ಣಿಗೆ ಬೀಳುವ ಲಕ್ಷಣಗಳ ಮೇಲೆ ಕಟ್ಟಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಪಾಪ್ಲರ್‌ನವು. 2006ರಲ್ಲಿ ಮೊದಲು ಜೀನೋಮ್ (ಇಡೀ ಡಿಎನ್‌ಎ) ಓದಿದ ಮರ ಅದೇ, ಎಡಿಟಿಂಗ್ ಹೆಚ್ಚು ನಡೆದಿರುವುದೂ ಅದರಲ್ಲೇ.

ಶುರು ಮಾಡುವ ಮೊದಲು

ಮೂರು ಡಿಎನ್‌ಎ ಮಾದರಿಗಳು ಫ್ರೀಜರಿನಲ್ಲಿ ಯಾವಾಗಲೂ ಇರಲಿ. ಮೊದಲನೆಯದು, ಏನೂ ಮಾಡದ ತಾಯಿ ಕ್ಲೋನ್‌ನದು, ಅಂದರೆ ಕಡ್ಡಿ ಮಾಡಿ ಹೆಚ್ಚಿಸಿದ ಮೂಲ ಗಿಡದ್ದು. ಎರಡನೆಯದು, ಗೈಡ್ ಇಲ್ಲದ ಖಾಲಿ ವೆಕ್ಟರ್ (ಜೀನ್ ಒಯ್ಯುವ ಡಿಎನ್‌ಎ) ಹಾಕಿ ಅದೇ ಟಿಶ್ಯೂ ಕಲ್ಚರ್ (ಬಾಟಲಿಯಲ್ಲಿ ಅಂಗಾಂಶದಿಂದ ಗಿಡ ಬೆಳೆಸುವ) ಹಾದಿಯಲ್ಲಿ ಬಂದ ಗಿಡದ್ದು. ಮೂರನೆಯದು, ಎಡಿಟ್ ಆಗಿದೆಯೆಂದು ಖಚಿತವಾಗಿ ಗೊತ್ತಿರುವ ಒಂದು ಗಿಡದ್ದು. ಕೆಳಗಿನ ಅರ್ಧಕ್ಕರ್ಧ ಪರೀಕ್ಷೆಗಳು ಈ ಮೂರಿಲ್ಲದೆ ಏನನ್ನೂ ಹೇಳುವುದಿಲ್ಲ.

ಎಲೆಯಿಂದ ಡಿಎನ್‌ಎ ತೆಗೆಯುವಾಗ ಬಳಸುವ ಬೀಟಾ-ಮರ್ಕ್ಯಾಪ್ಟೋಎಥನಾಲ್ ವಿಷ. ಅದರ ಬಾಟಲಿ ತೆರೆಯುವುದು ಫ್ಯೂಮ್ ಹುಡ್‌ನೊಳಗೆ ಮಾತ್ರ. ಜೆಲ್‌ಗೆ ಎಥಿಡಿಯಂ ಬ್ರೋಮೈಡ್ ಹಾಕುತ್ತಿದ್ದರೆ ಅದರ ಕೈಗವಸು ಬೇರೆಯೇ ಇರಲಿ, ಆ ಕೈಯಲ್ಲಿ ಬಾಗಿಲ ಹಿಡಿ ಮುಟ್ಟಬೇಡಿ. ಯುವಿ ಬೆಳಕಿನ ಮುಂದೆ ಮುಖಕವಚ ಬೇಕೇ ಬೇಕು. ಎಡಿಟಿಂಗ್‌ಗೆ ಒಳಪಟ್ಟ ಅಂಗಾಂಶ, ಮಾಧ್ಯಮ, ಬಾಟಲಿಯ ತಳದಲ್ಲಿ ಉಳಿದ ಬೇರು, ಎಲ್ಲವೂ ಆಟೋಕ್ಲೇವ್ ಆದ ಮೇಲೆಯೇ ಹೊರಗೆ ಹೋಗಬೇಕು. ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಪತ್ರವಿಲ್ಲದೆ ಮೊದಲ ಎಲೆ ತುಂಡನ್ನೂ ಕತ್ತರಿಸಬೇಡಿ.

ಲಕ್ಷಣ: ಆಯ್ಕೆ ಮಾಧ್ಯಮದಲ್ಲಿ ಚಿಗುರೇ ಒಡೆಯುತ್ತಿಲ್ಲ

ಆಯ್ಕೆ ಮಾಧ್ಯಮವೆಂದರೆ ಹೊಸ ಜೀನ್ ಸೇರಿದ ಕೋಶ ಮಾತ್ರ ಬದುಕುವಂತೆ ಆಂಟಿಬಯೋಟಿಕ್ ಹಾಕಿದ ಮಾಧ್ಯಮ. ಅದರ ಮೇಲೆ ಎಲೆ ತುಂಡಿನ ಅಂಚು ಕಂದಾಗಿ, ಆಮೇಲೆ ಕಪ್ಪಾಗಿ ಕೂತಿದೆ. ಅಥವಾ ಹಳದಿ ಕ್ಯಾಲಸ್ (ರೂಪವಿಲ್ಲದ ಕೋಶಗಳ) ಮುದ್ದೆ ಕಟ್ಟಿದೆ, ಹಸಿರು ಚುಕ್ಕೆ ಮಾತ್ರ ಕಾಣುತ್ತಿಲ್ಲ.

ಇದಕ್ಕೆ ದುಡ್ಡಿಲ್ಲದ ಪರೀಕ್ಷೆ ಒಂದಿದೆ. ಅದೇ ದಿನ ಕತ್ತರಿಸಿದ, ಬ್ಯಾಕ್ಟೀರಿಯಾ ಸೋಕಿಸದ ಎಲೆ ತುಂಡುಗಳನ್ನು ಆಂಟಿಬಯೋಟಿಕ್ ಇಲ್ಲದ ಮಾಧ್ಯಮದ ಮೇಲೆ ಇಡಿ. ಅಲ್ಲೂ ಚಿಗುರಿಲ್ಲವೆಂದರೆ ತೊಂದರೆ ಎಡಿಟಿಂಗ್‌ನದಲ್ಲ. ತಾಯಿ ಗಿಡ ಮುದಿಯಾಗಿದೆ, ಅಥವಾ ಹಾರ್ಮೋನಿನ ಪ್ರಮಾಣ ಈ ಕ್ಲೋನ್‌ಗೆ ಹೊಂದುತ್ತಿಲ್ಲ. ಅಲ್ಲಿ ಚಿಗುರಿದ್ದು, ಆಯ್ಕೆಯ ಆಂಟಿಬಯೋಟಿಕ್ ಆದ ಕ್ಯಾನಮೈಸಿನ್ ಇರುವ ಕಡೆ ಮಾತ್ರ ಸಾಯುತ್ತಿದ್ದರೆ ನಿಮ್ಮ ಕ್ಲೋನ್ ಎಷ್ಟು ಕ್ಯಾನಮೈಸಿನ್ ತಡೆಯುತ್ತದೆಂದು ಹಂತಹಂತವಾಗಿ ಅಳೆಯಿರಿ. ಪಕ್ಕದ ಲ್ಯಾಬಿನವರ ಪ್ರಮಾಣವನ್ನು ಎರವಲು ತರಬೇಡಿ, ಅವರ ಕ್ಲೋನ್ ಬೇರೆ.

ತುಂಡಿನ ಸುತ್ತ ಹಾಲುಗೆನೆಯಂಥ ಅಂಚು ಕಂಡರೆ ಅಗ್ರೋಬ್ಯಾಕ್ಟೀರಿಯಂ ಮೇಲುಗೈ ಆಗಿದೆ. ಬ್ಯಾಕ್ಟೀರಿಯಾ ಕೊಲ್ಲುವ ಟಿಮೆಂಟಿನ್ ಅಥವಾ ಸೆಫೊಟ್ಯಾಕ್ಸಿಮ್ ಇರುವ ಹೊಸ ಮಾಧ್ಯಮಕ್ಕೆ ಬೇಗ ಬೇಗ ದಾಟಿಸಿ. ಹೀಗೆ ಮೂರು ಸುತ್ತು ಮಾಡಿದ ಮೇಲೂ ನಿಯಂತ್ರಣದ ತಟ್ಟೆಯಲ್ಲೇ ಚಿಗುರು ಬರದಿದ್ದರೆ ನಿಲ್ಲಿಸಿ, ಆ ಜಾತಿಯಲ್ಲಿ ಟಿಶ್ಯೂ ಕಲ್ಚರ್ ಮಾಡಿ ಪಳಗಿದವರ ಬಳಿ ಹೋಗಿ. ಗೈಡ್ ಬದಲಿಸುವುದರಿಂದ ಇದು ಸರಿಹೋಗುವುದಿಲ್ಲ.

ಲಕ್ಷಣ: ಗಿಡ ಬಂತು, ಎಡಿಟ್ ಒಂದೂ ಇಲ್ಲ

ಇಲ್ಲಿ ನಿಧಾನವಾಗಿ ನಡೆಯಬೇಕು, ಹೆಚ್ಚಿನವರ ಕಾಲ ಹಾಳಾಗುವುದು ಇಲ್ಲೇ.

ಮೊದಲು, ಗಿಡದಲ್ಲಿ ಕ್ಯಾಸ್9 ಇದೆಯೇ? ಪಿಸಿಆರ್ ಮಾಡಿ. ಪಿಸಿಆರ್ ಅಂದರೆ ಬೇಕಾದ ಡಿಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸುವುದು, ಆ ತುಂಡು ಜೆಲ್‌ನಲ್ಲಿ ಬ್ಯಾಂಡಾಗಿ ಕಾಣುತ್ತದೆ. ಬ್ಯಾಂಡ್ ಬಂದ ಮಾತ್ರಕ್ಕೆ ನಂಬಬೇಡಿ. ಮರದ ಅಂಗಾಂಶದೊಳಗೆ ಅಗ್ರೋಬ್ಯಾಕ್ಟೀರಿಯಂ ತಿಂಗಳುಗಟ್ಟಲೆ ಅಡಗಿರುತ್ತದೆ, ಬ್ಯಾಂಡ್ ಅದರದ್ದೇ ಇರಬಹುದು. ಗಿಡಕ್ಕೆ ದಾಟದೆ ಬ್ಯಾಕ್ಟೀರಿಯಾದಲ್ಲೇ ಉಳಿಯುವ ಯಾವುದಾದರೂ ಜೀನಿಗೆ, ಉದಾಹರಣೆಗೆ ವಿರ್‌ಜಿಗೆ, ಇನ್ನೊಂದು ಪಿಸಿಆರ್ ಹಾಕಿ. ಅದೂ ಬಂದರೆ ನೀವು ನೋಡುತ್ತಿರುವುದು ಬ್ಯಾಕ್ಟೀರಿಯಾವನ್ನು. ಯಾವ ಬ್ಯಾಂಡೂ ಬರದೆ, ಡಿಎನ್‌ಎ ದ್ರಾವಣ ಚಹಾ ಡಿಕಾಕ್ಷನ್ ಬಣ್ಣದಲ್ಲಿದ್ದರೆ ಎಲೆಯ ಫೀನಾಲ್‌ಗಳು ಪಿಸಿಆರ್‌ನ ಕಿಣ್ವವನ್ನು ತಡೆಯುತ್ತಿವೆ. ನೀಲಗಿರಿಯಲ್ಲಿ ಇದು ನಿತ್ಯದ ಗೋಳು. ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಹಾಕಿ, ಇದಕ್ಕೆ ಐದು ಪೈಸೆ ಖರ್ಚಿಲ್ಲ. ಅದಕ್ಕೂ ಬಗ್ಗದಿದ್ದರೆ ಫೀನಾಲ್ ಹಿಡಿದಿಡುವ ಪಿವಿಪಿ ಸೇರಿಸಿ ಹೊಸದಾಗಿ ತೆಗೆಯಿರಿ.

ಕ್ಯಾಸ್9 ಇದೆ, ಬ್ಯಾಕ್ಟೀರಿಯಾ ಇಲ್ಲ, ಆದರೂ ಎಡಿಟ್ ಇಲ್ಲ ಅನ್ನುವುದಾದರೆ ಗುರಿಯ ಜಾಗವನ್ನು ಓದಿ. ಡೇಟಾಬೇಸಿನಲ್ಲಿ ಓದಿದರೆ ಸಾಲದು, ನಿಮ್ಮ ಬಾಟಲಿಯ ಗಿಡದಲ್ಲೇ ಓದಬೇಕು.

ಗೈಡ್ 20 ಅಕ್ಷರ ಉದ್ದ. ಅದರ ಪಕ್ಕದಲ್ಲಿ ಮರದ ಡಿಎನ್‌ಎಯಲ್ಲಿ ಪ್ಯಾಮ್ ಎಂಬ ಮೂರಕ್ಷರದ ಗುರುತು ಇರಬೇಕು. ಸಾಮಾನ್ಯವಾಗಿ ಬಳಸುವ ಕ್ಯಾಸ್9ಗೆ ಅದು ಯಾವುದಾದರೊಂದು ಅಕ್ಷರ, ಅದರ ಮುಂದೆ ಎರಡು ಜಿ. ಆ ಜಿಗಳಲ್ಲಿ ಒಂದು ಎ ಆಗಿದ್ದರೆ ಕತ್ತರಿ ಸಾಮಾನ್ಯವಾಗಿ ಕೂರುವುದಿಲ್ಲ. ಪ್ಯಾಮ್‌ಗೆ ತಾಗಿಕೊಂಡ ಹತ್ತು ಹನ್ನೆರಡು ಅಕ್ಷರಗಳಲ್ಲಿ ಒಂದು ಬೇರೆಯಾದರೂ ಕತ್ತರಿಸುವ ಶಕ್ತಿ ಕುಸಿಯುತ್ತದೆ, ಕೆಲವೊಮ್ಮೆ ಪೂರ್ತಿ ನಿಲ್ಲುತ್ತದೆ. ದೂರದ ತುದಿಯ ವ್ಯತ್ಯಾಸವನ್ನು ಅದು ಒಂದಿಷ್ಟು ಸಹಿಸಿಕೊಳ್ಳುತ್ತದೆ.

ಇಂಥ ಒಂದಕ್ಷರದ ವ್ಯತ್ಯಾಸವನ್ನು ಲ್ಯಾಬಿನಲ್ಲಿ ಸ್ನಿಪ್ ಅನ್ನುತ್ತೇವೆ. 2006ರಲ್ಲಿ ಓದಿದ್ದು ನಿಸ್ಕ್ವಾಲಿ-1 ಎಂಬ ಒಂದೇ ಪಾಪ್ಲರ್ ಮರವನ್ನು. ಆ ಒಂದು ಮರದೊಳಗೇ, ತಾಯಿ ಪ್ರತಿಗೂ ತಂದೆ ಪ್ರತಿಗೂ ನಡುವೆ, ಸಾವಿರ ಅಕ್ಷರಕ್ಕೆ ಸುಮಾರು 2.6 ವ್ಯತ್ಯಾಸ ಸಿಕ್ಕಿತು. ಅವು ಸಮನಾಗಿ ಹರಡಿವೆಯೆಂದುಕೊಂಡರೂ, 23 ಅಕ್ಷರದ ಗುರಿಗಳನ್ನು ಕಣ್ಣುಮುಚ್ಚಿ ಆರಿಸಿದರೆ ಹದಿನೇಳರಲ್ಲಿ ಒಂದರ ಮೇಲಾದರೂ ಸ್ನಿಪ್ ಕೂತಿರುತ್ತದೆ. ಲ್ಯಾಬುಗಳಲ್ಲಿ ನಿಜವಾಗಿ ಬೆಳೆಸುವುದು ಎರಡು ಜಾತಿಗಳ ಮಿಶ್ರತಳಿಗಳನ್ನು. ಪಾಪ್ಲರ್‌ನವರ ನೆಚ್ಚಿನ 717-1ಬಿ4 ಕ್ಲೋನ್‌ನಲ್ಲಿ ಒಂದು ಪ್ರತಿ ಯುರೋಪಿನ ಆಸ್ಪೆನ್‌ನದು, ಇನ್ನೊಂದು ಬಿಳಿ ಪಾಪ್ಲರ್‌ನದು. ಅಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು.

ಇದು ಬರಿ ಲೆಕ್ಕದ ಮಾತಲ್ಲ. 2015ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ತಂಡ 717ರಲ್ಲಿ, ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್‌ಗೆ ಸಂಬಂಧಪಟ್ಟ 4ಸಿಎಲ್ ಕುಟುಂಬದ ಮೂರು ಜೀನ್‌ಗಳಿಗೆ ಗುರಿ ಇಟ್ಟಿತ್ತು. ಎರಡರಲ್ಲಿ, ಪರೀಕ್ಷಿಸಿದ ಪ್ರತಿಯೊಂದು ಗಿಡದಲ್ಲೂ ಎರಡೂ ಪ್ರತಿ ಎಡಿಟ್ ಆಗಿದ್ದವು. ನೂರಕ್ಕೆ ನೂರು. ಮೂರನೆಯದರಲ್ಲಿ ಕತ್ತರಿ ಆಡಲೇ ಇಲ್ಲ, ಗುರಿಯ ಜಾಗದಲ್ಲಿ ಸ್ನಿಪ್ ಇತ್ತು. ಅದೇ ಮರ, ಅದೇ ಕ್ಯಾಸ್9, ಅದೇ ಕೈಗಳು. ಹೊಸಬರು ಬಂದಾಗಲೆಲ್ಲ ನಾನು ಮೊದಲು ತೋರಿಸುವುದು ಈ ಫಲಿತಾಂಶವನ್ನೇ.

ನಮ್ಮ ಕಡೆಯವರಿಗೆ ಹತ್ತಿರದ್ದು ನೀಲಗಿರಿ. 2014ರಲ್ಲಿ ಪ್ರಕಟವಾದ ಜೀನೋಮ್ ಯೂಕಲಿಪ್ಟಸ್ ಗ್ರ್ಯಾಂಡಿಸ್‌ನದು. ನಂದಿಬೆಟ್ಟದ ಹಳೆಯ ಮರಗಳಿಂದ ಹಬ್ಬಿದ ‘ಮೈಸೂರು ಗಮ್’ ಮುಖ್ಯವಾಗಿ ಟೆರೆಟಿಕಾರ್ನಿಸ್ ಎಂಬ ಬೇರೆ ಜಾತಿ. ಗ್ರ್ಯಾಂಡಿಸ್‌ನ ಅಕ್ಷರ ನೋಡಿ ಮೈಸೂರು ಗಮ್‌ಗೆ ಗೈಡ್ ಬರೆದರೆ ಒಬ್ಬರ ಅಳತೆ ತೆಗೆದು ಇನ್ನೊಬ್ಬರಿಗೆ ಅಂಗಿ ಹೊಲಿದಂತಾಗುತ್ತದೆ.

ಪರಿಹಾರ ಅಗ್ಗದ್ದು. ಗೈಡ್ ಆರ್ಡರ್ ಮಾಡುವ ಮೊದಲೇ, ಗುರಿಯ ಸುತ್ತ ಐದಾರು ನೂರು ಅಕ್ಷರವನ್ನು ನಿಮ್ಮ ಕ್ಲೋನ್‌ನಿಂದ ಪಿಸಿಆರ್ ಮಾಡಿ. ಬಂದ ತುಂಡನ್ನು ಪ್ಲಾಸ್ಮಿಡ್‌ಗೆ (ಬ್ಯಾಕ್ಟೀರಿಯಾದ ಉಂಗುರ ಡಿಎನ್‌ಎ) ಸೇರಿಸಿ, ಬ್ಯಾಕ್ಟೀರಿಯಾದ ಎಂಟು ಕಾಲೊನಿಗಳನ್ನು ಓದಿಸಿ, ಒಂದೊಂದು ಕಾಲೊನಿಯಲ್ಲಿ ಒಂದೇ ಪ್ರತಿ ಇರುತ್ತದೆ. ಎರಡು ಪ್ರತಿಗಳೂ ಸಮನಾಗಿ ಬಂದಿದ್ದರೆ, ಎಂಟರಲ್ಲೂ ಒಂದೇ ಪ್ರತಿ ಸಿಕ್ಕಿ ಇನ್ನೊಂದು ತಪ್ಪಿಹೋಗುವ ಸಾಧ್ಯತೆ 128ರಲ್ಲಿ ಒಂದು ಮಾತ್ರ. ಎರಡೂ ಪ್ರತಿಯನ್ನು ಮೇಲೆ ಕೆಳಗೆ ಬರೆದುಕೊಂಡು, ಎರಡಕ್ಕೂ ಒಪ್ಪುವ ಜಾಗದಲ್ಲಿ ಗೈಡ್ ಆರಿಸಿ.

ಎರಡೂ ಪ್ರತಿಯಲ್ಲಿ ಗುರಿ ಅಕ್ಷರಶಃ ಸರಿಯಿದ್ದೂ ಎಡಿಟ್ ಇಲ್ಲವೆಂದಾದ ಮೇಲೆಯೇ ಕ್ಯಾಸ್9ನ ಆರ್‌ಎನ್‌ಎ ತಯಾರಾಗುತ್ತಿದೆಯೇ, ಗೈಡ್ ನಡೆಸುವ ಪ್ರಮೋಟರ್ ಈ ಮರದಲ್ಲಿ ಕೆಲಸ ಮಾಡುತ್ತದೆಯೇ ಎಂದು ನೋಡುವುದು.

ಲಕ್ಷಣ: ಎಲ್ಲ ಗಿಡಗಳಲ್ಲೂ ಒಂದು ಪ್ರತಿ ಮಾತ್ರ ಎಡಿಟ್ ಆಗಿದೆ

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಯಾವಾಗಲೂ ಅದೇ ಪ್ರತಿಯೋ, ಗಿಡದಿಂದ ಗಿಡಕ್ಕೆ ಬೇರೆಯೋ? ಅದಕ್ಕೆ ಎಡಿಟ್ ಪಕ್ಕದಲ್ಲಿರುವ ಒಂದು ಸ್ನಿಪ್ಪನ್ನು ಗುರುತಾಗಿ ಇಟ್ಟುಕೊಳ್ಳಿ. ಇಪ್ಪತ್ತು ಗಿಡಗಳಲ್ಲೂ ಎಡಿಟ್ ಆದದ್ದು ಸಿ ಇರುವ ಪ್ರತಿಯೇ, ಟಿ ಇರುವ ಪ್ರತಿ ಒಮ್ಮೆಯೂ ಆಗಿಲ್ಲ ಅನ್ನುವುದಾದರೆ ಟಿ ಪ್ರತಿಯ ಗುರಿಯಲ್ಲಿ ಸ್ನಿಪ್ ಇದೆ. ಹೊಸ ಗೈಡ್ ಬೇಕು. ಕೆಲವು ಗಿಡದಲ್ಲಿ ಸಿ, ಕೆಲವು ಗಿಡದಲ್ಲಿ ಟಿ ಅನ್ನುವಂತಿದ್ದರೆ ಗೈಡ್ ಎರಡಕ್ಕೂ ಒಪ್ಪುತ್ತದೆ, ಆದರೆ ದುರ್ಬಲ. ಆಗ ಇನ್ನಷ್ಟು ಗಿಡಗಳನ್ನು ಹುಡುಕಿದರೆ ಎರಡೂ ಎಡಿಟ್ ಆದದ್ದು ಸಿಗಬಹುದು.

ಲಕ್ಷಣ: ಮುಟ್ಟದ ತಾಯಿ ಗಿಡದಲ್ಲೂ ‘ಎಡಿಟ್’ ಕಾಣುತ್ತಿದೆ

ಟಿ7 ಎಂಡೋನ್ಯೂಕ್ಲಿಯೇಸ್ ಪರೀಕ್ಷೆ ಮಾಡಿದಿರಿ, ಜೆಲ್‌ನಲ್ಲಿ ಮೇಲಿನ ಬ್ಯಾಂಡಿನ ಕೆಳಗೆ ಎರಡು ಚಿಕ್ಕ ಬ್ಯಾಂಡ್ ಬಂದವು. ಖುಷಿಯಾಗುವಷ್ಟರಲ್ಲಿ ತಾಯಿ ಗಿಡದ ಸಾಲಿನಲ್ಲೂ ಅವೇ ಎರಡು ಬ್ಯಾಂಡ್. ಮಾದರಿಗಳು ಬೆರೆತಿವೆಯೆಂದು ಹೆದರಬೇಡಿ. ಆ ಕಿಣ್ವ ಎರಡು ಎಳೆಗಳು ಹೊಂದದ ಕಡೆ ಕತ್ತರಿಸುತ್ತದೆ, ತಾಯಿ ಪ್ರತಿಯ ಎಳೆಯೂ ತಂದೆ ಪ್ರತಿಯ ಎಳೆಯೂ ಜೋಡಿಯಾದಾಗ ಹುಟ್ಟಿನಿಂದಲೇ ಹೊಂದದ ಜಾಗಗಳಿರುತ್ತವೆ. ಮರಗಳಲ್ಲಿ ಈ ಪರೀಕ್ಷೆಯನ್ನು ನಾನು ಬಿಟ್ಟೇಬಿಟ್ಟಿದ್ದೇನೆ.

ಸ್ಯಾಂಗರ್ ವಿಧಾನದಲ್ಲಿ ಡಿಎನ್‌ಎ ಓದಿಸಿದಾಗ ಬರುವ, ಅಕ್ಷರಕ್ಕೊಂದು ಬಣ್ಣದ ಶಿಖರವಿರುವ ಅಲೆಗಳಲ್ಲೂ ಹೀಗೆಯೇ. ತಾಯಿ ಗಿಡದಲ್ಲೇ ಅಲ್ಲಲ್ಲಿ ಎರಡು ಬಣ್ಣದ ಶಿಖರ ಒಂದರ ಮೇಲೊಂದು ಕೂತಿದ್ದರೆ ಅದು ಸ್ನಿಪ್. ಕತ್ತರಿ ಬೀಳಬೇಕಾದ ಜಾಗದಿಂದ ಮುಂದಕ್ಕೆ, ಅಂದರೆ ಪ್ಯಾಮ್‌ಗೆ ಮೂರಕ್ಷರ ಹಿಂದಿನಿಂದ, ಎಡೆಬಿಡದೆ ಅಲೆಗಳು ಕಲಸಿದ್ದರೆ ಅದು ಎಡಿಟ್‌ನ ಗುರುತು. ತಾಯಿ ಗಿಡದಲ್ಲೇ ನಡುವಿನಿಂದ ಕೊನೆವರೆಗೆ ಕಲಸಿದ್ದರೆ ಒಂದು ಪ್ರತಿಯಲ್ಲಿ ಒಂದೆರಡು ಅಕ್ಷರ ಸಹಜವಾಗಿಯೇ ಕಮ್ಮಿ ಇವೆ, ಪ್ರೈಮರನ್ನು (ನಕಲು, ಓದು ಶುರುವಾಗುವ ಚಿಕ್ಕ ಡಿಎನ್‌ಎ ತುಂಡು) ಇನ್ನೊಂದು ಕಡೆಯಿಂದ ಇಟ್ಟು ಓದಿಸಿ. ಕಲಸಿದ ಅಲೆಗಳನ್ನು ಬಿಡಿಸಿ ಶೇಕಡಾವಾರು ಹೇಳುವ ತಂತ್ರಾಂಶಗಳು ತಾಯಿ ಗಿಡದ ಅಲೆ ಶುದ್ಧವಾಗಿದೆ ಎಂದುಕೊಂಡೇ ಲೆಕ್ಕ ಮಾಡುತ್ತವೆ. ಮರದಲ್ಲಿ ಅವು ಕೊಡುವ ಅಂಕಿಯನ್ನು ವರದಿಯಲ್ಲಿ ಬರೆಯಬೇಡಿ. ಕೈಯಲ್ಲಿ ದುಡ್ಡಿದ್ದರೆ ಆ ತುಂಡನ್ನೇ ಸಾವಿರಾರು ಸಲ ಓದಿಸಿ, ಒಂದೊಂದು ಓದನ್ನೂ ಸ್ನಿಪ್ ನೋಡಿ ಎರಡು ಗುಂಪಾಗಿ ವಿಂಗಡಿಸಿ.

ಲಕ್ಷಣ: ಫಲಿತಾಂಶ ಅತಿ ಶುಚಿಯಾಗಿದೆ

ಇದನ್ನು ಯಾರೂ ದೋಷವೆಂದು ಎಣಿಸುವುದಿಲ್ಲ, ಅದಕ್ಕೇ ಇದು ಎಲ್ಲಕ್ಕಿಂತ ಅಪಾಯ.

ನಮ್ಮ ಲ್ಯಾಬಿನಲ್ಲಿ ಒಮ್ಮೆ ಒಂದು ಗಿಡದ ಅಲೆಗಳು ಕನ್ನಡಿಯಂತೆ ಬಂದವು. ಏಳು ಅಕ್ಷರ ಹೋಗಿದೆ, ಒಂದೇ ಸಾಲು ಶಿಖರ, ಕಲಬೆರಕೆಯೇ ಇಲ್ಲ. ಎರಡೂ ಪ್ರತಿಯಲ್ಲಿ ಒಂದೇ ಎಡಿಟ್ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಆ ಗಿಡವನ್ನು ಕಡ್ಡಿ ಮಾಡಿ ಹೆಚ್ಚಿಸಿದೆವು, ಬೇರು ಬರಿಸಿದೆವು, ಒಂದು ವರ್ಷ ಹಸಿರುಮನೆಯಲ್ಲಿ ನೀರು ಹಾಕಿದೆವು. ಕಾಂಡದ ಲಿಗ್ನಿನ್ ಅಳೆದಾಗ ಮಾಮೂಲಿನಷ್ಟೇ ಇತ್ತು. ಆಮೇಲೆ ಜೊತೆಯಲ್ಲಿದ್ದ ವಿದ್ಯಾರ್ಥಿನಿ ತಾಯಿ ಗಿಡದ ಹಳೆಯ ಅಲೆಯನ್ನು ತೆಗೆದು ಪಕ್ಕದಲ್ಲಿಟ್ಟಳು. “ಸರ್, ತಾಯಿ ಗಿಡದಲ್ಲಿ ಈ ಎರಡು ಕಡೆ ಜೋಡಿ ಶಿಖರ ಇರಬೇಕಿತ್ತಲ್ವಾ, ಇಲ್ಲೂ ಒಂದೇ ಇದೆ” ಅಂದಳು. ನಮ್ಮ ಪ್ರೈಮರಿನ ಕೊನೆಯ ಅಕ್ಷರ ಸರಿಯಾಗಿ ಒಂದು ಸ್ನಿಪ್ಪಿನ ಮೇಲೆ ಕೂತಿತ್ತು. ಶುರುವಿನಿಂದಲೂ ನಾವು ಓದುತ್ತಿದ್ದದ್ದು ಒಂದೇ ಪ್ರತಿಯನ್ನು. ಇನ್ನೊಂದು ಪ್ರತಿ ಏನೂ ಆಗದೆ ಕೂತು ಲಿಗ್ನಿನ್ ತಯಾರಿಸುತ್ತಿತ್ತು.

ಆವತ್ತಿನಿಂದ ನಾನು ಬಿಡದೆ ಪಾಲಿಸುವ ನಿಯಮ: ತಾಯಿ ಗಿಡದ ಪಿಸಿಆರ್ ತುಂಡಿನಲ್ಲಿ ಕನಿಷ್ಠ ಒಂದು ಜೋಡಿ ಶಿಖರ ಕಾಣಲೇಬೇಕು. ಅದು ಕಂಡರೆ ಎರಡೂ ಪ್ರತಿ ಬಂದಿವೆಯೆಂದು ಅರ್ಥ. ಕಾಣದಿದ್ದರೆ ಪ್ರೈಮರನ್ನು ಇನ್ನೂ ನೂರಿನ್ನೂರು ಅಕ್ಷರ ದೂರಕ್ಕೆ ಸರಿಸಿ ಮತ್ತೆ ನೋಡಿ.

ಪ್ರೈಮರ್ ಸರಿಯಿದ್ದು, ತಾಯಿಯಲ್ಲಿ ಜೋಡಿ ಶಿಖರ ಇದ್ದು, ಎಡಿಟ್ ಆದ ಗಿಡದಲ್ಲಿ ಮಾತ್ರ ಅದು ಮಾಯವಾಗಿದ್ದರೆ ಇನ್ನೊಂದು ಸಾಧ್ಯತೆ ಇದೆ. ಆ ಪ್ರತಿಯಿಂದ ದೊಡ್ಡ ತುಂಡೇ ಬಿದ್ದುಹೋಗಿ, ಅದರೊಂದಿಗೆ ಪ್ರೈಮರ್ ಕೂರುವ ಜಾಗವೂ ಹೋಗಿರಬಹುದು. ಎರಡು ಗೈಡ್ ಒಟ್ಟಿಗೆ ಬಳಸಿದ್ದರೆ ಇದನ್ನು ಮೊದಲು ಶಂಕಿಸಿ. ಮೂರು ನಾಲ್ಕು ಸಾವಿರ ಅಕ್ಷರದ ಉದ್ದದ ಪಿಸಿಆರ್ ಹಾಕಿ, ಆ ಜಾಗದ ಪ್ರತಿಗಳ ಸಂಖ್ಯೆಯನ್ನು ಕ್ಯುಪಿಸಿಆರ್‌ನಲ್ಲಿ ಅಳೆಯಿರಿ. ಅದಕ್ಕೂ ಉತ್ತರ ಸಿಗದಿದ್ದರೆ ಉದ್ದ ಓದಿನ ಸೀಕ್ವೆನ್ಸಿಂಗ್ ಮಾಡುವವರಿಗೆ ಕೊಡಿ. ಅಲ್ಲಿಂದ ಮುಂದೆ ಬೆಂಚಿನ ಮೇಲೆ ತಿಣುಕುವುದರಲ್ಲಿ ಅರ್ಥವಿಲ್ಲ.

ಲಕ್ಷಣ: ಒಂದೇ ಗಿಡದ ಎರಡು ಎಲೆ, ಎರಡು ಉತ್ತರ

ಪಿಡಿಎಸ್ ಜೀನ್ ಮುರಿದವರಿಗೆ ಇದು ಕಣ್ಣಿಗೇ ಕಾಣುತ್ತದೆ. ಆ ಜೀನ್ ಕೆಟ್ಟರೆ ಎಲೆ ಬೆಳ್ಳಗಾಗುತ್ತದೆ. 2015ರಲ್ಲಿ ಚೀನಾದ ಬಿಳಿ ಪಾಪ್ಲರ್‌ನಲ್ಲಿ ಮೊದಲ ಎಡಿಟಿಂಗ್ ತೋರಿಸಿದ್ದು ಇದೇ ಜೀನಿನಲ್ಲಿ. ಪೂರ್ತಿ ಬಿಳಿ ಚಿಗುರಿದ್ದರೆ ಸರಿ. ಹಸಿರು ಎಲೆಯ ನಡುವೆ ಹಾಲು ಚೆಲ್ಲಿದಂತೆ ಬಿಳಿ ಪಟ್ಟೆ ಇದ್ದರೆ ಆ ಗಿಡ ಮಿಶ್ರಜೀವಿ: ಕೆಲವು ಕೋಶಗಳಲ್ಲಿ ಕತ್ತರಿ ಬಿದ್ದಿದೆ, ಕೆಲವದರಲ್ಲಿಲ್ಲ.

ಬಣ್ಣ ಬದಲಿಸದ ಜೀನ್‌ಗಳಲ್ಲಿ ಇದು ಗೊತ್ತಾಗುವುದಿಲ್ಲ. ತುದಿಯ ಎಲೆ, ನಡುವಿನ ಎಲೆ, ಬೇರು, ಮೂರರಿಂದಲೂ ಡಿಎನ್‌ಎ ತೆಗೆಯಿರಿ. ಎರಡು ಪ್ರತಿ ಇರುವ ಮರದಲ್ಲಿ ಮೂರು ನಾಲ್ಕು ಬಗೆಯ ಎಡಿಟ್ ಸಿಕ್ಕರೆ ಅದು ಮಿಶ್ರಜೀವಿಯೇ. ಅದನ್ನು ಎಸೆಯಬೇಕಿಲ್ಲ. ಎಲೆ ತುಂಡು ಮಾಡಿ, ಆಯ್ಕೆ ಮಾಧ್ಯಮದ ಮೇಲೆ ಇನ್ನೊಂದು ಸುತ್ತು ಚಿಗುರಿಸಿ, ಒಂದೊಂದು ಹೊಸ ಚಿಗುರನ್ನೂ ಬೇರೆ ಗಿಡವೆಂದು ಎಣಿಸಿ. ತೀರಾ ಹತ್ತಿರ ಹುಟ್ಟಿದ ಎರಡು ಚಿಗುರಿಗೂ ಬೇರೆ ಬೇರೆ ಸಂಖ್ಯೆ ಕೊಡಿ.

ಲಕ್ಷಣ: ಎರಡೂ ಪ್ರತಿ ಮುರಿದಿವೆ, ಗಿಡದಲ್ಲಿ ಬದಲಾವಣೆ ಇಲ್ಲ

ಎಷ್ಟು ಅಕ್ಷರ ಹೋಗಿವೆ ಎಂದು ಮೊದಲು ಎಣಿಸಿ. ಮೂರು, ಆರು, ಒಂಬತ್ತು ಹೋಗಿದ್ದರೆ ಪ್ರೋಟೀನಿನಲ್ಲಿ ಒಂದೆರಡೋ ಮೂರೋ ಕೊಂಡಿ ಕಮ್ಮಿಯಾಗಿರುತ್ತದೆ ಅಷ್ಟೆ, ಅದು ಇನ್ನೂ ಕೆಲಸ ಮಾಡುತ್ತಿರಬಹುದು. ಒಂದೋ ಎರಡೋ ನಾಲ್ಕೋ ಹೋಗಿದ್ದರೆ ಮುಂದಿನ ಓದೆಲ್ಲ ತಪ್ಪುತ್ತದೆ.

ಎಣಿಕೆ ಸರಿಯಿದ್ದರೆ ಸೋದರ ಜೀನ್‌ಗಳನ್ನು ನೋಡಿ. ಪಾಪ್ಲರ್‌ನ ಪೂರ್ವಜರಲ್ಲಿ ಸುಮಾರು 6 ಕೋಟಿ ವರ್ಷಗಳ ಹಿಂದೆ ಇಡೀ ಜೀನೋಮ್ ಇಮ್ಮಡಿಯಾಯಿತು. ಅದರಲ್ಲಿ ಸುಮಾರು 8,000 ಜೋಡಿಗಳು ಇಂದಿಗೂ ಉಳಿದಿವೆ. ನೀಲಗಿರಿಯ ಕಥೆ ಬೇರೆ, ಅಲ್ಲಿ ಮೂರನೇ ಒಂದರಷ್ಟು ಜೀನ್‌ಗಳು ಒಂದರ ಪಕ್ಕ ಒಂದು ನಕಲಾಗಿ ಸಾಲುಗಟ್ಟಿವೆ. ಒಬ್ಬ ಕೆಲಸಗಾರ ರಜೆ ಹಾಕಿದರೆ ಪಕ್ಕದವ ಆ ಕೆಲಸವನ್ನೂ ಎಳೆದುಕೊಂಡು ಹೋಗುತ್ತಾನೆ. ಜಾರ್ಜಿಯಾದ ಪ್ರಯೋಗದಲ್ಲಿ 4ಸಿಎಲ್1 ಮುರಿದ ಗಿಡಗಳ ಕಟ್ಟಿಗೆಯ ಬಣ್ಣವೇ ಬದಲಾಯಿತು, ಆದರೂ ಲಿಗ್ನಿನ್ ಪೂರ್ತಿ ನಿಲ್ಲಲಿಲ್ಲ. ಉಳಿದ ಸೋದರ ಜೀನ್ ಒಂದು ಬಗೆಯ ಲಿಗ್ನಿನ್ ತಯಾರಿಯನ್ನು ನಡೆಸಿಕೊಂಡೇ ಹೋಯಿತು.

ಇದಕ್ಕೆ ಮದ್ದು, ಎಲ್ಲ ಸೋದರ ಜೀನ್‌ಗಳಿಗೂ ಎಲ್ಲ ಪ್ರತಿಗಳಿಗೂ ಒಪ್ಪುವ ಒಂದು ಜಾಗ ಹುಡುಕುವುದು. ಕಷ್ಟ, ಆದರೆ ಆಗುತ್ತದೆ. 2022ರಲ್ಲಿ ಮಿಶ್ರತಳಿ ಪಾಪ್ಲರ್‌ನಲ್ಲಿ ಎಲೆಯ ರೋಮಕ್ಕೆ ಕಾರಣವಾದ ಎಂವೈಬಿ ಜೀನ್‌ಗಳ ನಕಲುಗಳನ್ನೆಲ್ಲ ಒಂದೇ ಗೈಡ್‌ನಿಂದ ಮುರಿದು ತೋರಿಸಿದರು. ಎಳೆ ಚಿಗುರಿನ ಮೇಲೆ ಇರಬೇಕಾದ ಬಿಳಿ ನವಿರು ಆ ಗಿಡಗಳಲ್ಲಿ ಇರಲಿಲ್ಲ. ಹೊಸ ಕ್ಲೋನ್ ಪರೀಕ್ಷಿಸುವವರಿಗೆ ಇಂಥ ಗುರಿಯಿಂದ ಶುರುಮಾಡಿ ಎನ್ನುತ್ತೇನೆ. ಬೆರಳು ಆಡಿಸಿದರೆ, ಒಂದು ಭೂತಗನ್ನಡಿ ಹಿಡಿದರೆ ಉತ್ತರ ಸಿಗುತ್ತದೆ.

ಲಕ್ಷಣ: ಗಿಡ ಕುಳ್ಳಾಗಿ, ಮುದುರಿಕೊಂಡು ಬೆಳೆಯುತ್ತಿದೆ

ಖಾಲಿ ವೆಕ್ಟರಿನ ಗಿಡವೂ ಕುಳ್ಳೇ? ಹಾಗಿದ್ದರೆ ಅದು ಟಿಶ್ಯೂ ಕಲ್ಚರಿನ ಬಳುವಳಿ. ಅದು ಚೆನ್ನಾಗಿದ್ದು, ಬೇರೆ ಬೇರೆ ಸುತ್ತಿನಲ್ಲಿ ಬಂದ ನಾಲ್ಕೈದು ಎಡಿಟ್ ಗಿಡಗಳು ಒಂದೇ ರೀತಿ ಕುಳ್ಳಾಗಿದ್ದರೆ ಗುರಿಯ ಜೀನೇ ಕಾರಣ. ಒಂದು ಗಿಡ ಮಾತ್ರ ಕುಳ್ಳಾಗಿದ್ದರೆ ಬೇರೆಲ್ಲೋ ತಪ್ಪು ಕತ್ತರಿ ಬಿದ್ದಿರಬಹುದು, ಅಥವಾ ಹೊರಗಿನ ಡಿಎನ್‌ಎ ಇನ್ನೊಂದು ಜೀನಿನ ನಡುವೆ ಹೋಗಿ ಕೂತಿರಬಹುದು. ತಪ್ಪು ಗುರಿಗಳ ಪಟ್ಟಿಯನ್ನೂ ನಿಮ್ಮ ಕ್ಲೋನ್‌ನ ಅಕ್ಷರ ನೋಡಿಯೇ ಮಾಡಬೇಕು. ಡೇಟಾಬೇಸಿನ ಮರದಲ್ಲಿ ಇಲ್ಲದ ಪ್ಯಾಮ್, ನಿಮ್ಮ ಮರದಲ್ಲಿ ಒಂದು ಸ್ನಿಪ್ಪಿನಿಂದ ಹುಟ್ಟಿಕೊಂಡಿರುತ್ತದೆ.

ಎರಡು ಪ್ರತಿ ಬೇರೆಬೇರೆಯಾಗಿರುವುದು ಇಲ್ಲಿಯವರೆಗೆ ತೊಡಕಾಗಿಯೇ ಕಂಡಿತು. ಈ ಲಕ್ಷಣದಲ್ಲಿ ಅದೇ ಉಪಕಾರಕ್ಕೆ ಬರುತ್ತದೆ. ಬೆಲ್ಜಿಯಂನ ಗೆಂಟ್‌ನ ತಂಡವೊಂದು ಪಾಪ್ಲರ್‌ನಲ್ಲಿ ಸಿಸಿಆರ್2 ಎಂಬ ಲಿಗ್ನಿನ್ ಜೀನನ್ನು ಎಡಿಟ್ ಮಾಡಿತ್ತು. ಎರಡೂ ಪ್ರತಿ ಪೂರ್ತಿ ಮುರಿದ ಗಿಡಗಳು ಕುಳ್ಳಾದವು. ಒಂದು ಪ್ರತಿ ಪೂರ್ತಿ ಮುರಿದು, ಇನ್ನೊಂದು ಅರೆಬರೆ ಕೆಲಸ ಮಾಡುತ್ತಿದ್ದ ಒಂದು ಗಿಡದಲ್ಲಿ ಲಿಗ್ನಿನ್ ಶೇ. 10ರಷ್ಟು ಇಳಿದಿತ್ತು, ಬೆಳವಣಿಗೆ ಮಾಮೂಲಿನಂತೆಯೇ ಇತ್ತು. 2020ರಲ್ಲಿ ಪ್ರಕಟವಾದ ಕೆಲಸ ಇದು. ಆದ್ದರಿಂದ ಮೂರಕ್ಷರ ಹೋದ ‘ವಿಫಲ’ ಗಿಡಗಳನ್ನು ಆಟೋಕ್ಲೇವ್‌ಗೆ ಹಾಕುವ ಮುನ್ನ ಒಂದು ಸಲ ಬೆಳೆಸಿ ನೋಡಿ. 2023ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು ಇನ್ನೊಂದು ಹಾದಿ ಹಿಡಿದರು. ಸುಮಾರು 69,000 ಎಡಿಟ್ ಸಂಯೋಜನೆಗಳನ್ನು ಕಂಪ್ಯೂಟರಿನಲ್ಲಿ ತೂಗಿ, ಏಳನ್ನು ಮಾತ್ರ ಆರಿಸಿ, ಹಲವು ಜೀನ್‌ಗಳನ್ನು ಒಟ್ಟಿಗೆ ತಿದ್ದಿದರು. ಕೆಲವು ಗಿಡಗಳಲ್ಲಿ ಲಿಗ್ನಿನ್ ಹತ್ತಿರಹತ್ತಿರ ಅರ್ಧದಷ್ಟು ಕಡಿಮೆಯಾಯಿತು.

ಲಕ್ಷಣ: ಒಂದು ಕ್ಲೋನ್‌ನಲ್ಲಿ ಸಲೀಸು, ಪಕ್ಕದ್ದರಲ್ಲಿ ಸೊನ್ನೆ

ಮೇಲಿನ ಎಲ್ಲವನ್ನೂ ಹೊಸ ಕ್ಲೋನ್‌ಗೆ ಮೊದಲಿನಿಂದ ಮಾಡಬೇಕು, ಅಡ್ಡದಾರಿ ಇಲ್ಲ. ಶ್ರೀಗಂಧದಂತೆ ಬೀಜದಿಂದ ಎಬ್ಬಿಸುವ ಮರವಾದರೆ ಒಂದೊಂದು ಸಸಿಯೂ ಒಂದೊಂದು ಹೊಸ ಕ್ಲೋನ್ ಎಂದೇ ತಿಳಿಯಿರಿ. ಒಂದು ಸಸಿಯನ್ನು ಆರಿಸಿ, ಕಡ್ಡಿ ಮಾಡಿ ಹೆಚ್ಚಿಸಿ, ಅದನ್ನೇ ಓದಿ, ಅದರಲ್ಲೇ ಕೆಲಸ ಮಾಡಿ. ನಡುವೆ ಇನ್ನೊಂದು ಸಸಿಯನ್ನು ಸೇರಿಸಬೇಡಿ.

ಲಕ್ಷಣ: ಎಡಿಟ್ ಆಯಿತು, ಕ್ಯಾಸ್9 ಮಾತ್ರ ಹೊರಗೆ ಹೋಗುತ್ತಿಲ್ಲ

ಭತ್ತದಲ್ಲಿ ಒಂದು ಬೆಳೆ ಬೀಜ ತೆಗೆದರೆ ಕ್ಯಾಸ್9 ಇಲ್ಲದ ಸಸಿ ಸಿಗುತ್ತದೆ. ಮರ ಹೂ ಬಿಡಲು ವರ್ಷಗಟ್ಟಲೆ ಬೇಕು. ಹೂ ಬಿಟ್ಟರೂ, ಬೀಜಕ್ಕೆ ಹೋದ ಕೂಡಲೇ ಎರಡು ಪ್ರತಿಗಳು ಕಲಸಿ ನಿಮ್ಮ ಕ್ಲೋನ್ ನಿಮ್ಮ ಕ್ಲೋನ್ ಆಗಿ ಉಳಿಯುವುದಿಲ್ಲ. ಬಾದಾಮಿಯ ಓಟೆಯ ಕಥೆಯೇ ಇದು. ಬೇಗ ಹೂ ಬಿಡಿಸುವ ಜೀನ್‌ನಿಂದ ಆಸ್ಪೆನ್‌ನಲ್ಲಿ ತಿಂಗಳುಗಳಲ್ಲೇ ಹೂ ಬರಿಸಬಹುದೆಂದು 1995ರಲ್ಲೇ ತೋರಿಸಿದ್ದಾರೆ. ಆದರೆ ಅದರಿಂದ ಕಾಯುವ ಕಾಲ ಕಡಿಮೆಯಾಗುತ್ತದೆ ಹೊರತು ಕಲಸುವಿಕೆ ತಪ್ಪುವುದಿಲ್ಲ.

ಉಳಿದ ದಾರಿಗಳು ಎರಡು. ಕೆಲಸ ಮುಗಿದ ಮೇಲೆ ಕ್ಯಾಸ್9 ಭಾಗವನ್ನೇ ಕತ್ತರಿಸಿ ತೆಗೆಯುವ ವ್ಯವಸ್ಥೆಯನ್ನು ಮೊದಲೇ ವೆಕ್ಟರಿನಲ್ಲಿ ಇಡುವುದು ಒಂದು. ಡಿಎನ್‌ಎ ಬಿಟ್ಟು, ಕ್ಯಾಸ್9 ಪ್ರೋಟೀನನ್ನೂ ಗೈಡನ್ನೂ ನೇರವಾಗಿ ಗೋಡೆ ಕಳಚಿದ ಕೋಶಗಳಿಗೆ ಸೇರಿಸುವುದು ಇನ್ನೊಂದು. ಸೇಬು, ದ್ರಾಕ್ಷಿಯ ಕೋಶಗಳಲ್ಲಿ ಇದು 2016ರಲ್ಲೇ ಆಗಿದೆ. ಆ ಒಂದೇ ಕೋಶದಿಂದ ಇಡೀ ಮರವನ್ನು ಎಬ್ಬಿಸುವುದು ಹೆಚ್ಚಿನ ಜಾತಿಗಳಲ್ಲಿ ಬಲು ಕಷ್ಟ.

ಇದು ಬರಿ ತಾಂತ್ರಿಕ ಅಂದಚೆಂದದ ಪ್ರಶ್ನೆಯಲ್ಲ. 2022ರ ಮಾರ್ಚ್ 30ರ ಕೇಂದ್ರ ಪರಿಸರ ಸಚಿವಾಲಯದ ಆದೇಶ, ಜೀನ್ ಬದಲಿಸಿದ ಜೀವಿಗಳ ಕುರಿತ 1989ರ ನಿಯಮಗಳ ಕೆಲವು ಕಟ್ಟುಪಾಡುಗಳಿಂದ ವಿನಾಯಿತಿ ಕೊಟ್ಟದ್ದು ಎಸ್‌ಡಿಎನ್-1 (ಕತ್ತರಿಸಿ ಬಿಡುವ), ಎಸ್‌ಡಿಎನ್-2 (ಮಾದರಿ ಕೊಟ್ಟು ಸಣ್ಣದಾಗಿ ತಿದ್ದುವ) ಬಗೆಯ, ಹೊರಗಿನ ಡಿಎನ್‌ಎ ಉಳಿಯದ ಗಿಡಗಳಿಗೆ ಮಾತ್ರ. ಕ್ಯಾಸ್9 ಕೂತಿರುವ ಮರ ಆ ವಿನಾಯಿತಿಗೆ ಸೇರುವುದಿಲ್ಲ. ಹೊರಗಿನ ಡಿಎನ್‌ಎ ಹೋಗಿದೆಯೆಂದು ನಿಮಗೆ ಅನ್ನಿಸಿದರೂ ಅದನ್ನು ಸಮಿತಿಯ ಮುಂದೆ ಸಾಕ್ಷಿ ಸಮೇತ ಇಟ್ಟು, ಅವರು ಒಪ್ಪುವವರೆಗೆ ಗಿಡ ಹಸಿರುಮನೆಯಿಂದ ಆಚೆ ಬರಬಾರದು. ಒಂದು ಪ್ರೈಮರ್ ಜೋಡಿಯಲ್ಲಿ ಬ್ಯಾಂಡ್ ಬರಲಿಲ್ಲ ಎಂಬುದು ಸಾಕ್ಷಿಯಲ್ಲ, ವೆಕ್ಟರಿನ ಉದ್ದಕ್ಕೂ ಹಲವು ಕಡೆ ನೋಡಬೇಕು, ಸಾಧ್ಯವಾದರೆ ಇಡೀ ಜೀನೋಮ್ ಓದಿಸಬೇಕು.

ಆಸ್ಪೆನ್ ಜಾತಿಯ ಪಾಪ್ಲರ್‌ಗಳು ಬೇರಿನಿಂದಲೇ ಮರಿ ಒಡೆಯುತ್ತವೆ. ಕುಂಡದ ತಳದ ತೂತಿನಿಂದ ಇಳಿದ ಬೇರು ನೆಲ ಹಿಡಿದರೆ, ಗಿಡ ಕಿತ್ತ ಮೇಲೂ ಮುಂದಿನ ಮಳೆಗೆ ಅಲ್ಲಿ ಚಿಗುರು ಕಾಣುತ್ತದೆ. ಕುಂಡಗಳನ್ನು ನೆಲದ ಮೇಲೆ ಇಡಬೇಡಿ, ಬೆಂಚಿನ ಮೇಲೆ ತಟ್ಟೆಯಲ್ಲಿಡಿ, ತಿಂಗಳಿಗೊಮ್ಮೆ ಎತ್ತಿ ತಳ ನೋಡಿ. ಹೊರಗೆ ಬೇರು ಕಂಡರೆ ಕತ್ತರಿಸಿ ಆಟೋಕ್ಲೇವ್ ಚೀಲಕ್ಕೆ ಹಾಕಿ, ಆ ಕುಂಡದ ಸಂಖ್ಯೆಯನ್ನೂ ದಿನಾಂಕವನ್ನೂ ಅಲ್ಲೇ ನಿಂತು ನೋಟ್‌ಬುಕ್ಕಿನಲ್ಲಿ ಬರೆಯಿರಿ.